ಆಲ್ಪ್ ಗ್ರುಮ್‌ನಲ್ಲಿ ತಪ್ಪಿದ ರೈಲು

ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ಹೊರಟ ರೈಲು ಊರು ದಾಟಿ ವೇಗ ಹಿಡಿದಾಗಲೂ ಶೇಷಗಿರಿ ಲ್ಯಾಪ್‌ಟಾಪ್‌ನಿಂದ ತಲೆ ಎತ್ತಲಿಲ್ಲ. ಎದುರಿಗೆ ಕೂತಿದ್ದ ಹೆಂಡತಿ ಪದ್ಮ ಕಿಟಕಿಗೆ ಹಣೆಯೊತ್ತಿಕೊಂಡಿದ್ದಳು. ಗೋಧಿ ಹೊಲಗಳು, ಹಂಚಿನ ಮನೆಗಳು, ಒಂದು ಇಗರ್ಜಿ. ಇದು ಇಂಥದ್ದು ಎಂದು ಗುರುತಿಸುವಷ್ಟರಲ್ಲಿ ಎಲ್ಲವೂ ಹಿಂದೆ ಹೋಗುತ್ತಿದ್ದವು.

"ಅಪ್ಪಾ, ಟೂ ಹಂಡ್ರೆಡ್ ಮೈಲ್ಸ್ ಆನ್ ಅವರ್! ಕ್ಯಾನ್ ಯು ಬಿಲೀವ್ ಇಟ್?" ಎಂದಳು ಹದಿನಾರರ ಮಗಳು ಆಶ್ರಿತಾ.

"ರೀ, ಇಲ್ನೋಡಿ. ಇಷ್ಟು ಸ್ಪೀಡಲ್ಲೂ ಕಾಫಿ ಅಲುಗಾಡ್ತಾ ಇಲ್ಲ," ಎಂದು ಪದ್ಮ ಕಪ್ಪನ್ನು ಅವನ ಮುಂದೆ ಸರಿಸಿದಳು.

ಅವನು "ಹೂಂ" ಎಂದ. ಮತ್ತೆ ಇಮೇಲ್ ತೆರೆದ.

ಶೇಷಗಿರಿ ಬ್ರೇಕ್ ಇಂಜಿನಿಯರ್. ಮೈಸೂರಿನಿಂದ ಓದಲು ಬಂದವನು ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲೇ ನೆಲೆಯೂರಿದ್ದ. ಬೆಟ್ಟದಿಂದ ಇಳಿಯುವ ಕಾರಿನ ಬ್ರೇಕು ಎಷ್ಟು ಬಿಸಿಯಾಗುತ್ತದೆ, ಎಲ್ಲಿ ಸೋಲುತ್ತದೆ ಎಂದು ಲ್ಯಾಬಿನಲ್ಲಿ ಚಕ್ರ ತಿರುಗಿಸಿ ಪರೀಕ್ಷೆ ಮಾಡುವುದೇ ಅವನ ಕೆಲಸ. ಅಂಗೈಯಂತೆ ಸಮತಟ್ಟಾದ ಆ ನೆಲದಲ್ಲಿ ಕೂತು ಇಪ್ಪತ್ತು ವರ್ಷ ಇಲ್ಲದ ಬೆಟ್ಟಗಳನ್ನು ಇಳಿದಿದ್ದ. 2009ರ ಮಾರ್ಚಿನಲ್ಲಿ, ಕಾರು ಕಂಪನಿಗಳು ನೆಲಕಚ್ಚಿದಾಗ, ಲ್ಯಾಬೇ ಮುಚ್ಚಿತು; ಅವನ ಕೆಲಸವೂ ಹೋಯಿತು. ಆ ವಸಂತದಲ್ಲಿ ಅವರ ಬೀದಿಯ ಹುಲ್ಲುಹಾಸುಗಳ ಮೇಲೆ ಹೂಗಳಿಗಿಂತ ಮನೆ ಮಾರಾಟದ ಬೋರ್ಡುಗಳೇ ಹೆಚ್ಚಾಗಿದ್ದವು.

ಮಕ್ಕಳ ಡಾಕ್ಟರಾದ ಪದ್ಮ ಈ ಪ್ರವಾಸವನ್ನು ಹಿಂದಿನ ವರ್ಷವೇ ಬುಕ್ ಮಾಡಿದ್ದಳು. ಅವನು ಕ್ಯಾನ್ಸಲ್ ಮಾಡೋಣವೆಂದಾಗ ಅವಳು ಒಪ್ಪಲಿಲ್ಲ. "ಮನೇಲೇ ಕೂತ್ರೆ ಕೆಲಸ ಬಂದು ಬಾಗಿಲು ತಟ್ಟುತ್ತಾ? ನಾಲ್ಕು ತಿಂಗಳಿಂದ ನೀವು ನಮ್ಮ ಹತ್ರ ನೆಟ್ಟಗೆ ಒಂದು ಮಾತಾಡಿಲ್ಲ," ಎಂದಿದ್ದಳು. ಅವನು ಬಂದ. ಆದರೆ ಫೋನ್ ಕೈಬಿಡಲಿಲ್ಲ. ಶಿಕಾಗೋ ಬಳಿಯ ಓಕ್ ಬ್ರೂಕ್‌ನ ಒಂದು ಕಂಪನಿ ಮೂರು ಸುತ್ತು ಇಂಟರ್‌ವ್ಯೂ ಮಾಡಿ, ತಿಳಿಸುತ್ತೇವೆ ಎಂದಿತ್ತು. ಆ ಕರೆ ಬರಬೇಕಿತ್ತು.

ಜ್ಯೂರಿಕ್‌ನಿಂದ ಕೂರ್, ಅಲ್ಲಿಂದ ಸೇಂಟ್ ಮೊರಿಟ್ಜ್. ದಾರಿಯಲ್ಲಿ ಒಂದು ಕಡೆ ರೈಲು ಆಳವಾದ ಕಣಿವೆಯ ಮೇಲಿನ ಕಲ್ಲುಸೇತುವೆಯಲ್ಲಿ ಬಾಗಿ ಹೋಗಿ, ಎದುರಿನ ಬಂಡೆಯ ಗೋಡೆಗೆ ನೇರವಾಗಿ ನುಗ್ಗಿಬಿಟ್ಟಿತು. ಬಂಡೆಯಲ್ಲಿ ಸುರಂಗವಿದೆ ಎಂದು ಗೊತ್ತಿದ್ದೂ ಬೋಗಿಯಲ್ಲಿದ್ದವರೆಲ್ಲ ಒಮ್ಮೆ ಉಸಿರು ಬಿಗಿಹಿಡಿದರು. ಶೇಷಗಿರಿ ಅಂದು ಮೊದಲ ಸಲ ತಲೆ ಎತ್ತಿದ. ಆದರೆ ಸುರಂಗದ ಕತ್ತಲೆಯಲ್ಲಿ ಅವನಿಗೆ ಕಂಡದ್ದು ಗಾಜಿನಲ್ಲಿ ತನ್ನದೇ ಮುಖ.

ಮರುದಿನ ಮಧ್ಯಾಹ್ನ ಕಳೆದ ಮೇಲೆ ಅವರು ಆಲ್ಪ್ಸ್ ದಾಟಿ ಇಟಲಿಗೆ ಇಳಿಯುವ ಬೆರ್ನಿನಾ ಎಂಬ ಕೆಂಪು ರೈಲು ಹತ್ತಿದರು. ಮರಗಳು ಕುಳ್ಳಗಾಗುತ್ತ ಹೋಗಿ ಕೊನೆಗೆ ಇಲ್ಲವಾದವು. ಘಟ್ಟದ ನೆತ್ತಿಯಲ್ಲಿ ಎರಡು ಕೆರೆಗಳು ಕಂಡವು, ಒಂದು ಕಪ್ಪು, ಒಂದು ಹಾಲಿನಂತೆ ಬಿಳಿ. ಒಂದರ ನೀರು ಕಪ್ಪು ಸಮುದ್ರಕ್ಕೂ ಇನ್ನೊಂದರದ್ದು ಇಟಲಿಯ ಕಡಲಿಗೂ ಹೋಗುತ್ತದಂತೆ. "ನಡುವೆ ಇರೋದು ಇಷ್ಟೇ ಇಷ್ಟು ದಿಬ್ಬ!" ಎಂದು ಪದ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

ಇಳಿಜಾರು ಶುರುವಾಗುವ ಮುನ್ನ, ಆಲ್ಪ್ ಗ್ರುಮ್ ಎಂಬ ಪುಟ್ಟ ಸ್ಟೇಷನ್ನಿನಲ್ಲಿ ಫೋಟೋ ತೆಗೆಯಲೆಂದು ರೈಲು ಸ್ವಲ್ಪ ಹೊತ್ತು ನಿಂತಿತು. ಎದುರಿಗೇ ಹಿಮನದಿ. ಕೆಳಗೆ, ಪಾತಾಳದಲ್ಲೆಂಬಂತೆ, ಹಸಿರು ಕಣಿವೆ. ಎಲ್ಲರೂ ಇಳಿದರು, ಪದ್ಮ ಮಾತ್ರ ಬ್ಯಾಗುಗಳ ಪಕ್ಕ ಉಳಿದಳು. ಆಗಲೇ ಶೇಷಗಿರಿಯ ಫೋನ್ ಬಡಿದುಕೊಂಡಿತು. ಓಕ್ ಬ್ರೂಕ್ ನಂಬರು. ಗದ್ದಲದಿಂದ ದೂರವಾಗಲು ಅವನು ಕಿವಿಗೆ ಫೋನ್ ಒತ್ತಿಕೊಂಡು ಸ್ಟೇಷನ್ ಕಟ್ಟಡದ ಹಿಂದಕ್ಕೆ ನಡೆದ.

ಕರೆ ಚಿಕ್ಕದೇ ಇತ್ತು. ಆ ಹುದ್ದೆಯನ್ನೇ ತೆಗೆದುಹಾಕಿದ್ದಾರೆ, ಸಾರಿ. ಕರೆ ಮುಗಿದರೂ ಅವನ ಕಾಲು ಕದಲಲಿಲ್ಲ.

"ಅಪ್ಪಾ! ಟ್ರೈನ್ ಹೊರಡ್ತಿದೆ, ಹರಿ ಅಪ್!" ಆಶ್ರಿತಾ ಹುಡುಕಿಕೊಂಡು ಓಡಿಬಂದಳು. ಇಬ್ಬರೂ ಪ್ಲಾಟ್‌ಫಾರ್ಮಿಗೆ ಬರುವಷ್ಟರಲ್ಲಿ ಕೆಂಪು ರೈಲಿನ ಕೊನೆಯ ಬೋಗಿ ತಿರುವಿನಲ್ಲಿ ಮರೆಯಾಗುತ್ತಿತ್ತು. ಕಿಟಕಿಯಲ್ಲಿ ಪದ್ಮಳ ಕೈ ಗಾಜನ್ನು ಬಡಿಯುತ್ತಿದ್ದುದು ಕಂಡಿತು.

ಶೇಷಗಿರಿ ಬೆಂಚಿನ ಮೇಲೆ ಕುಸಿದ. "ಆ ಕೆಲಸಾನೂ ಇಲ್ಲ ಪುಟ್ಟಿ," ಎಂದ.

ಆಶ್ರಿತಾ ಪಕ್ಕದಲ್ಲಿ ಕೂತಳು. ಅಮ್ಮನಿಗೆ ಮೆಸೇಜ್ ಕಳಿಸಿದಳು. ಸ್ಟೇಷನ್ನಿನ ಹೆಂಗಸು ಸಮಾಧಾನ ಹೇಳಿದಳು: ಹಿಂದೆಯೇ ಇನ್ನೊಂದು ಸಾದಾ ರೈಲಿದೆ, ಹೆಂಡತಿ ಕೆಳಗಿನ ಪೋಸ್ಕಿಯಾವೊದಲ್ಲಿ ಇಳಿದು ಕಾಯಲಿ. ಆಶ್ರಿತಾ ಅದನ್ನೂ ಅಮ್ಮನಿಗೆ ತಿಳಿಸಿದಳು.

ಬಂದ ರೈಲಿನ ತುದಿಯಲ್ಲಿ ಹಳದಿ ಬಣ್ಣದ ಒಂದು ಬೋಗಿ ಇತ್ತು. ಮೇಲೆ ಛಾವಣಿ ಇಲ್ಲ, ಪಕ್ಕಕ್ಕೆ ಕಿಟಕಿ ಇಲ್ಲ, ಬರೀ ಮರದ ಬೆಂಚುಗಳು. ಇಬ್ಬರೂ ಅದರಲ್ಲೇ ಹತ್ತಿದರು. ರೈಲು ಬೆಟ್ಟದ ಅಂಚಿಗೆ ಬಂದು ಇಳಿಯತೊಡಗಿತು. ತಣ್ಣನೆಯ ಗಾಳಿ ಮುಖಕ್ಕೆ ರಾಚಿತು. ಹಳಿ ಒಮ್ಮೆ ಎಡಕ್ಕೆ ಹೊರಳಿತು, ಒಮ್ಮೆ ಬಲಕ್ಕೆ. ಕೆಳಗಿನ ಪೋಸ್ಕಿಯಾವೊ ಊರಿನ ಗೋಪುರ ಎಡಗಡೆ ಕಂಡಿತು. ಸುರಂಗದಿಂದ ಹೊರಬಂದರೆ ಬಲಗಡೆ. ಮತ್ತೆ ಎಡಗಡೆ, ಪ್ರತಿ ಸಲವೂ ಇನ್ನಷ್ಟು ಹತ್ತಿರ.

ಶೇಷಗಿರಿ ಮೆಲ್ಲಗೆ ಎದ್ದು ನಿಂತ. ಕಂಬಿಯಾಚೆ ಬಗ್ಗಿ ಹಳಿಗಳ ನಡುವೆ ನೋಡಿದ.

"ಪುಟ್ಟಿ, ಹಲ್ಲಿನ ಹಳಿ ಇಲ್ಲ ಇಲ್ಲಿ!"

"ಸೋ?"

"ಇಷ್ಟು ಕಡಿದಾದ ಕಡೆ ಮಧ್ಯೆ ಒಂದು ಹಲ್ಲಿನ ಹಳಿ ಹಾಕಿರ್ತಾರೆ, ಚಕ್ರ ಜಾರದೇ ಇರ್ಲಿ ಅಂತ. ಇದು ನೂರಡಿಗೆ ಏಳಡಿ ಇಳೀತಾ ಇದೆ. ಕಬ್ಬಿಣದ ಮೇಲೆ ಕಬ್ಬಿಣ, ಅಷ್ಟೇ! ಮೂಸಿ ನೋಡು. ಬ್ರೇಕ್ ಸುಟ್ಟ ವಾಸನೆ ಬರ್ತಿದೆಯಾ?"

ಅವಳು ಮೂಸಿದಳು. "ನೋ. ಜಸ್ಟ್ ಗ್ರಾಸ್."

"ಮೋಟಾರೇ ಉಲ್ಟಾ ಕೆಲಸ ಮಾಡಿ ಹಿಡಿದಿಟ್ಟಿದೆ. ಅಲ್ಲಿ, ಮುಂದಿನ ಬೋಗಿ ಮೇಲೆ ಗಾಳಿ ನಡುಗ್ತಿದೆ ನೋಡು, ಬಿಸಿ ಎಲ್ಲ ಅಲ್ಲಿಂದ ಆಚೆ ಹೋಗ್ತಿದೆ. ನೂರು ವರ್ಷದ ಹಿಂದೆ ಹಾಕಿದ ದಾರಿ ಕಣೆ ಇದು. ಕಂಪ್ಯೂಟರ್ ಇರ್ಲಿಲ್ಲ, ಏನೂ ಇರ್ಲಿಲ್ಲ. ಯಾರೋ ಪುಣ್ಯಾತ್ಮ ಈ ಕಡಿದಾದ ಬೆಟ್ಟ ನೋಡಿ, ಇಲ್ಲಿ ಇಳೀಬಹುದು ಅಂದ್ಕೊಂಡನಲ್ಲ..."

ಇಪ್ಪತ್ತು ವರ್ಷ ಲೆಕ್ಕದಲ್ಲಿ, ಯಂತ್ರದ ಪರದೆಯಲ್ಲಿ ಇಳಿದಿದ್ದ ಬೆಟ್ಟ ಈಗ ಅವನ ಕಾಲಡಿಯಲ್ಲಿತ್ತು. ಸಾವಿರಾರು ಅಡಿಗಳ ಆ ಇಳಿತದಲ್ಲಿ ಇಡೀ ರೈಲಿನ ಭಾರ, ಅದರೊಳಗಿನ ಜನ, ಯಾರದೋ ಮಡಿಲಲ್ಲಿ ಮಲಗಿದ ಮಗು, ಎಲ್ಲವನ್ನೂ ಹೂ ಎತ್ತಿಟ್ಟಷ್ಟು ಹಗುರವಾಗಿ ಇಳಿಸಲಾಗುತ್ತಿತ್ತು. ಮೈ ಜುಮ್ಮೆಂದಿತು. ಕಣ್ಣು ತುಂಬಿದ್ದು ಗಾಳಿಗೋ ಮತ್ತೇತಕ್ಕೋ ಅವನಿಗೇ ಗೊತ್ತಾಗಲಿಲ್ಲ.

"ಅಪ್ಪಾ, ಆರ್ ಯು ಓಕೆ?"

"ನಾನು ಮಾಡ್ತಿದ್ದ ಕೆಲಸ ಇಷ್ಟು ಚೆನ್ನಾಗಿದೆ ಅಂತ ನನಗೇ ಗೊತ್ತಿರ್ಲಿಲ್ಲ ಕಣೆ," ಎಂದ ಶೇಷಗಿರಿ. ಆಶ್ರಿತಾ ಅವನ ತೋಳಿಗೆ ತೋಳು ಸಿಕ್ಕಿಸಿ ನಿಂತಳು. ಹೀಗೆ ನಿಂತು ಎಷ್ಟೋ ಕಾಲವಾಗಿತ್ತು.

ಪೋಸ್ಕಿಯಾವೊ ಪ್ಲಾಟ್‌ಫಾರ್ಮಿನಲ್ಲಿ ಪದ್ಮ ಮೂವರ ಬ್ಯಾಗುಗಳ ನಡುವೆ ನಿಂತಿದ್ದಳು. ಬಯ್ಯಲು ಬೇಕಾದಷ್ಟು ಸಿದ್ಧ ಮಾಡಿಟ್ಟುಕೊಂಡಿರಬೇಕು. ಆದರೆ ಹಳದಿ ಬೋಗಿಯಿಂದ ಕೂದಲು ಕೆದರಿಕೊಂಡು, ಕೆಂಪು ಮುಖ ಹೊತ್ತು ಇಳಿದ ಗಂಡನನ್ನು ನೋಡಿ ಬಯ್ಯುವುದನ್ನೇ ಮರೆತಳು.

"ಓಕ್ ಬ್ರೂಕ್‌ದು ಆಗಲಿಲ್ಲ ಪದ್ಮಾ," ಎಂದು ಮೊದಲು ಅದನ್ನೇ ಹೇಳಿದ. "ಆ ವಿಷಯ ಆಮೇಲೆ ಮಾತಾಡೋಣ. ಮೊದಲು ಬಾ, ಇಲ್ಲಿ ಹತ್ತು. ನೀನು ಗಾಜಿನೊಳಗೆ ಕೂತು ಬಂದೆ, ಏನೂ ನೋಡಿಲ್ಲ."

"ನಾನು ನೋಡಿಲ್ವಾ? ಪ್ಯಾರಿಸ್‌ನಿಂದ ಬಡ್ಕೋತಾ ಇದೀನಿ!"

ಮುಂದಿನ ವರ್ಷದ ಚಳಿಗಾಲದವರೆಗೂ ಅವನಿಗೆ ಕೆಲಸ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ ಎಂಬ ಊರಿನ ಬಳಿಯ ಚಿಕ್ಕ ಕಂಪನಿಯಲ್ಲಿ, ಹಿಂದಿನದಕ್ಕಿಂತ ಕೆಳಗಿನ ಹುದ್ದೆ. ಆ ತಿಂಗಳುಗಳು ಸುಲಭವಾಗಿರಲಿಲ್ಲ. ಆದರೆ ಮನೆಯಲ್ಲಿ ಆ ಹಿಂದಿನ ಮೌನ ಮಾತ್ರ ಮತ್ತೆ ಬರಲಿಲ್ಲ.

ಅದೆಲ್ಲ ಆಮೇಲಿನ ಮಾತು. ಪೋಸ್ಕಿಯಾವೊದಿಂದ ಮುಂದೆ ಆ ಸಂಜೆ ಮೂವರೂ ಅದೇ ಹಳದಿ ಬೋಗಿಯಲ್ಲಿ ಸಾಲಾಗಿ ಕೂತರು. ಪದ್ಮ ಬೆಳಿಗ್ಗೆ ಕಲಸಿ ತಂದಿದ್ದ ಪುಳಿಯೋಗರೆ ಡಬ್ಬಿ ತೆಗೆದಳು. ಸರೋವರದ ಅಂಚು ದಾಟಿ ಬ್ರೂಸಿಯೊ ಎಂಬ ಊರಿನ ಬಳಿ ಹಳಿ ಬಯಲಿನಲ್ಲೇ ಕಲ್ಲುಕಮಾನುಗಳ ಸೇತುವೆಯ ಮೇಲೆ ಒಂದು ಪೂರ್ತಿ ಸುತ್ತು ಹಾಕಿತು. ಇನ್ನಷ್ಟು ಕೆಳಗಿಳಿಯಲು ಬೇರೆ ಜಾಗವಿಲ್ಲದೆ ರೈಲು ತಾನು ಈಗಷ್ಟೇ ದಾಟಿದ ಸೇತುವೆಯ ಕೆಳಗೇ ನುಸುಳಿತು. ಆಶ್ರಿತಾ ಬಾಯಿಗೆ ಹೋಗುತ್ತಿದ್ದ ತುತ್ತನ್ನು ಅರ್ಧದಲ್ಲೇ ಹಿಡಿದು ಕತ್ತೆತ್ತಿದಳು. ಪದ್ಮ ಗಂಡನ ಅಂಗಿ ಹಿಡಿದುಕೊಂಡು, "ರೀ, ಅಲ್ಲಿ ಮೇಲೆ... ಈಗ ನಾವು ಅಲ್ಲೇ ಇದ್ವಲ್ರೀ!" ಎಂದಳು.

ಶೇಷಗಿರಿ ತಲೆಯ ಮೇಲಿನ ಕಮಾನು ಹಿಂದೆ ಸರಿಯುವವರೆಗೂ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಲೇ ಇದ್ದ.