ಗೌಹರ ಮಿಸ್ತ್ರಿಯ ಜಲಪರೀಕ್ಷೆ

ಗೌಹರ ಮಿಸ್ತ್ರಿಯ ಬಾಯಲ್ಲಿ ‘ನಾಳೆ’ ಎಂಬ ಶಬ್ದವನ್ನು ನಾನು ಕೇಳಿದವನಲ್ಲ; ಯಾವ ಕೆಲಸದ ಬಗ್ಗೆ ವಿಚಾರಿಸಿದರೂ, ಎಡಗಾಲನ್ನು ತುಸು ಎಳೆಯುತ್ತ ಹೊರಬಂದು, “ಆಗೇ ಹೋಗ್ಯಾದ್ರಿ, ಬಸ್, ನೋಡೋದೊಂದು ಬಾಕಿ” ಎನ್ನುತ್ತಾನೆ. ಹುಮನಾಬಾದಿನ ನಮ್ಮ ಮನೆಯೆದುರೇ ಅವನ ಫೈಬರ್ ದುರಸ್ತಿಯ ಅಂಗಡಿ. ಸುಡುಬಿಸಿಲಿನಲ್ಲೂ, ಅಂಟು ಮೆತ್ತಿ ತಗಡಿನಂತೆ ಸೆಟೆದ ಕೋಟನ್ನು ಕಳಚದ ಈ ಮಹಾಶಯನ ‘ನೋಡುವ’ ವ್ರತಕ್ಕೆ ಸಿಕ್ಕಿ ನನ್ನ ನೀರಿನ ಟಾಕಿ ಒಂದೂವರೆ ವರ್ಷದಿಂದ ಅಲ್ಲೇ ಬಿದ್ದಿದೆ.

ಈ ಬೇಸಿಗೆ ಸಿಕ್ಕಿಬಿದ್ದವನು ಬಸವಕಲ್ಯಾಣದ ಕಡೆಯ ಕಲ್ಲಿನಾಥ. ಊರ ಕೆರೆಯನ್ನು ಗುತ್ತಿಗೆ ಹಿಡಿದು ಮೀನು ಸಾಕಿದ್ದ. ಜೂನ್ ಮುಗಿಯುವುದರೊಳಗೆ ಹಿಡಿಯದಿದ್ದರೆ ಗುತ್ತಿಗೆಯೊಡನೆ ಮೀನೂ ಪರರ ಪಾಲು. ಇದ್ದೊಂದು ದೋಣಿ ತಳ ಬಿರಿದು, ಮೇ ಮೊದಲ ವಾರ ಟೆಂಪೋ ಏರಿ ಮಿಸ್ತ್ರಿಯಲ್ಲಿಗೆ ಬಂತು.

ಬಿರುಕು ಮುಚ್ಚಿದ್ದು ಎರಡೇ ದಿನದಲ್ಲಿ. ಆದರೆ ಮಿಸ್ತ್ರಿಯ ಪರೀಕ್ಷಾಕ್ರಮವೇ ವಿಲಕ್ಷಣ: ದೋಣಿಯನ್ನು ನೀರಿಗೆ ಬಿಡುವ ಬದಲು ನೀರನ್ನೇ ದೋಣಿಗೆ ತುಂಬಿ, ಒಳಬದಿಗೆ ಪೆನ್ಸಿಲಿನ ಗೆರೆ ಎಳೆದು ಮೂರು ದಿನ ಕಾಯುವುದು, ಗೆರೆಯಿಂದ ಬೆರಳಷ್ಟು ಇಳಿದರೂ ಬರಿದು ಮಾಡಿ, ಒಣಗಿಸಿ, ಇನ್ನೊಂದು ಪದರ ಬಳಿಯುವುದು. ಪ್ರತಿಸಲವೂ ನೀರು ಇಳಿಯುತ್ತಿತ್ತು. “ಎಲ್ಲೋ ಸೋರಾಕತ್ತದ್ರಿ” ಎಂದು ಮಿಸ್ತ್ರಿ ತಳಕ್ಕೆ ಕಿವಿಯಿಟ್ಟು ಆಲಿಸುತ್ತಿದ್ದ. ಕೆಳಗಿನ ನೆಲ ಮಾತ್ರ ಒಣಗಿಯೇ ಇತ್ತು.

ಜೂನ್ ಹತ್ತರಂದು, ಐದನೇ ಸಲ ಬಸ್ಸಿಳಿದು ಬಂದ ಕಲ್ಲಿನಾಥ ರೋಸಿಹೋಗಿ ದೋಣಿಯ ಪಕ್ಕದಲ್ಲೇ ಕೂತುಬಿಟ್ಟ. ಮಿಸ್ತ್ರಿ ಮಧ್ಯಾಹ್ನದ ನಮಾಜಿಗೆ ಹೋದದ್ದೇ ತಡ, ಪಕ್ಕದ ಮನೆಯ ವಜೀರಬಿ ಬಕೆಟ್ ಹಿಡಿದು ಬಂದು ದೋಣಿಯಿಂದ ನಿರಾಳವಾಗಿ ಮೊಗೆದಳು.

“ಏನ್ ಮಾಡಾಕತ್ತೀರಿ ಅಮ್ಮಾ?”

“ನಮ್ಮ ಆಡು-ಮರಿಗೆ ಕುಡಸ್ತೀನಪ್ಪ. ತಿಂಗಳಾತು, ಇಲ್ಲಿಂದೇ ಒಯ್ತೀನಿ. ಸುಮ್ಮ ನಿಂತ ನೀರು ಅಲ್ಲೇನು?”

ನಾನು ನಗು ತಡೆಯಲಾರದೆ ಕಟ್ಟೆಯ ಮೇಲೆ ಕೂತೆ. ನಮಾಜಿನಿಂದ ಬಂದು ವಿಷಯ ತಿಳಿದ ಮಿಸ್ತ್ರಿಗೆ ಸಿಟ್ಟು ಬರಲಿಲ್ಲ; “ಅಂದ್ರ ನಮ್ಮ ಕೆಲಸ ಸೋರಿಲ್ಲ!” ಎಂದು ಹಿಗ್ಗಿದ.

“ಒಂದು ತಿಂಗಳ ಹಾಳ ಮಾಡಿದ್ರಿ! ನನ್ನ ಮೀನಿನ ಗತಿ ಏನ್ರಿ?” ಟೆಂಪೋ ಕರೆಸಿ, ದೋಣಿಯನ್ನು ಅದಕ್ಕೆ ಬಿಗಿಯುತ್ತ ಕಲ್ಲಿನಾಥ ಕೂಗಾಡಿದ.

“ನಿಮಗ ಈಸಾಕ ಬರ್ತದೇನ್ರಿ?” ಮಿಸ್ತ್ರಿ ಕೇಳಿದ.

“ಕುರಿ ಕಾಯ್ದಂವಾ ನಾ. ಈಸಾಕ ಎಲ್ಲಿ ಬರ್ತದ?”

“ಗೊತ್ತದ್ರಿ. ಮೊದಲ ದಿನಾನೇ ಟೆಂಪೋದಾಂವ ಹೇಳ್ಯಾನ.”

ಕಲ್ಲಿನಾಥ ಹಗ್ಗ ಬಿಟ್ಟು ಅವನನ್ನೇ ನೋಡಿದ. ನನ್ನ ನಗುವೂ ನಿಂತಿತು.

ಉಳಿದ ಇಪ್ಪತ್ತು ದಿನದಲ್ಲಿ ಕಲ್ಲಿನಾಥನಿಗೆ ಅರ್ಧ ಮೀನು ದಕ್ಕಿತು. ಇನ್ನರ್ಧ ಹೊಸ ಗುತ್ತಿಗೆದಾರನಿಗೆ ಹೋಯಿತು. ದೋಣಿಯೊಳಗೆ ಮಾತ್ರ ತೊಟ್ಟು ನೀರು ಬರಲಿಲ್ಲವಂತೆ. ಇಂಥ ಮಂದಿಯನ್ನು ನಾವು ಬೈಯುತ್ತೇವೆ, ಬೈಯಲೇಬೇಕು. ಅವರಿಂದ ಆಗುವ ನಷ್ಟ ಸುಳ್ಳಲ್ಲ. ಹೇಳಿದ ದಿನಕ್ಕೆ ಕೆಲಸ ಮುಗಿಸುವವರು ನಮ್ಮ ಗಡುವನ್ನು ನೆನಪಿಡುತ್ತಾರೆ. ಇವರು ನೆನಪಿಡುವುದು ನಡುನೀರಿನಲ್ಲಿ ಕೂತ ನಮ್ಮನ್ನು.