ಪೌಡರ್ ಹಾಕಿಸಿಕೊಂಡ ಮರಿ

ತಾಯಿಕುರಿ ಮತ್ತೆ ತಲೆಯಿಂದ ಗುದ್ದಿತು. ಆಗಷ್ಟೇ ಹುಟ್ಟಿದ ಮರಿ ಮುಗ್ಗರಿಸಿ ಬಿದ್ದದ್ದನ್ನು ಕಂಡು ಮಾವನ ಎದೆ ಧಸಕ್ಕೆಂದಿತು. ಕೆಚ್ಚಲು ತುಂಬಿಕೊಂಡು ನಿಂತಿದ್ದ ಕುರಿ, ತಾನೇ ಈದ ಮರಿಯನ್ನು ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ.

ಪಾಪ, ಅವರು ಮಾಡಿದ್ದೆಲ್ಲ ಒಳ್ಳೆಯದಕ್ಕೇ. ಆಯಸ್ಸೆಲ್ಲ ಪೇಟೆಯಲ್ಲಿ ಕಟಿಂಗ್ ಶಾಪ್ ನಡೆಸಿದ ಮನುಷ್ಯ. ಕೈ ನಡುಗತೊಡಗಿದ ಮೇಲೆ ಅಂಗಡಿ ಮುಚ್ಚಿ, ಮಗ ಸೊಸೆ ಇದ್ದ ಈ ತುಂಡು ಜಮೀನಿನ ಮನೆಗೆ ಬಂದಿದ್ದರು. ಕೂತು ತಿನ್ನುವುದು ಅವರಿಗೆ ಒಗ್ಗದು. ಹಿಂಡಿ ತರಲು ಹೊರಟ ಸೊಸೆ, "ಮಾವ, ಕುರಿ ಇವತ್ತೇ ಈಯೋ ಹಾಗಿದೆ. ಈದ್ರೆ ಫೋನ್ ಮಾಡಿ. ಮುಟ್ಟಕ್ಕೆ ಹೋಗ್ಬೇಡಿ, ಸುಮ್ನೆ ನೋಡ್ತಾ ಇರಿ," ಎಂದು ಹೇಳಿಯೇ ಹೋಗಿದ್ದಳು. ಆದರೆ ಸುಮ್ಮನೆ ನೋಡುವುದಕ್ಕೂ ಒಂದು ಮಿತಿ ಇರುತ್ತದಲ್ಲ! ಮೈಯೆಲ್ಲ ಲೋಳೆ ಮೆತ್ತಿಕೊಂಡು ನಡುಗುತ್ತಿದ್ದ ಮರಿಯನ್ನು ಕಂಡು ಅವರ ಕರುಳು ಚುರಕ್ಕೆಂದಿತು. ಬಿಸಿನೀರು ಬಂತು, ಶಾಂಪೂ ಬಂತು, ಮೆತ್ತನೆಯ ಟವೆಲ್ಲೂ ಬಂತು. ಕೊನೆಗೆ ಕೈಯ ಅಭ್ಯಾಸ, ಕತ್ತಿನ ಹಿಂದೆ ಒಂದಿಷ್ಟು ಪೌಡರೂ ಬಿತ್ತು.

ಸೊಸೆ ಹಿಂಡಿಯ ಚೀಲ ಇಳಿಸಿ ಕೊಟ್ಟಿಗೆಗೆ ಬಂದವಳೇ ಮೂಗು ಅರಳಿಸಿದಳು.

"ಮಾವ, ಇದೇನು ಘಮಘಮ?"

ಮಾವ ಎಲ್ಲವನ್ನೂ ಹೇಳಿದರು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮರಿಯನ್ನು ಮಡಿಲಿಗೆಳೆದುಕೊಂಡು ಹಾಗೇ ಕುಕ್ಕರಿಸಿಬಿಟ್ಟಳು. ಆ ಕುರಿಯನ್ನು ಅವಳೇ ಸಾಕಿ ದೊಡ್ಡದು ಮಾಡಿದ್ದಳು. ಇದು ಅದರ ಚೊಚ್ಚಲು.

"ಕುರಿ ತನ್ನ ಮರೀನ ವಾಸನೆಯಿಂದಲೇ ಗುರುತಿಸೋದು ಮಾವ. ಈಗ ಅದಕ್ಕೆ ಇವನು ಯಾವ ಊರ ಮದುಮಗನೋ."

"ಬಾಟ್ಲಿಲಿ ಕುಡಿಸಿದ್ರೆ ಆಗಲ್ವೇನಮ್ಮ?"

"ಹಾಲು ಕರೆದು ಇವತ್ತೇನೋ ಕುಡಿಸ್ಬಹುದು. ಆದ್ರೆ ತಾಯಿ ಬಿಟ್ಟ ಮರಿ ಉಳಿಯೋದು ಕಷ್ಟ." ಅವಳು ನೆಲದ ಕಡೆ ನೋಡಿದಳು. "ಅಲ್ಲಾ, ಈದ ಜಾಗದ ಒದ್ದೆ ಹುಲ್ಲೆಲ್ಲಿ? ಮರಿ ಹಿಂದೆ ಬಿದ್ದ ಮಾಸು ಎಲ್ಲಿ? ಅದನ್ನ ಮೈಗೆ ಸವರಿದ್ರೆ ಒಂದು ದಾರಿ ಇತ್ತು."

ನೆಲ ಥಳಥಳ ಹೊಳೆಯುತ್ತಿತ್ತು. "ಗುಡಿಸಿ ತಿಪ್ಪೆಗೆ ಹಾಕ್ಬಿಟ್ಟೆ," ಎಂದರು ಮಾವ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಾನಿಲ್ಲಿಗೆ ಬಂದ ದಿನದಿಂದ ಈ ಹುಡುಗಿ ಒಂದು ಎದುರು ಮಾತಾಡಿಲ್ಲ, ನಾನೋ ಅವಳ ಆಸೆಗೇ ತಣ್ಣೀರು ಎರಚಿದೆನಲ್ಲ ಎಂದುಕೊಂಡರು. ಪಂಚೆ ಎತ್ತಿ ಕಟ್ಟಿ ಹಿತ್ತಲಿಗೆ ಓಡಿದರು.

ತಿಪ್ಪೆಯ ಬಳಿ ನಾಯಿ ಆಗಲೇ ಮೂಸುತ್ತಿತ್ತು. "ಹಚಾ, ತೊಲಗೋ ಅತ್ಲಾಗೆ!" ಎಂದು ಗದರಿಸಿ ಬರಿಗೈಯಲ್ಲೇ ಗೊಬ್ಬರ ಬಗೆದರು. ಸಗಣಿ, ಬೂದಿ, ಕೊಳೆತ ಸಿಪ್ಪೆ. ಅದರಡಿಯಲ್ಲಿ ಲೋಳೆ ಹತ್ತಿದ ಹುಲ್ಲು, ಅದಕ್ಕಂಟಿಕೊಂಡ ಮಾಸು. ಸದ್ಯ, ಇನ್ನೂ ಒಣಗಿರಲಿಲ್ಲ. ಎರಡೂ ಕೈಯಲ್ಲಿ ಬಾಚಿಕೊಂಡು ಬಂದರು.

ಅಷ್ಟರಲ್ಲಿ ಸೊಸೆ ಬರೀ ನೀರಿನಲ್ಲಿ ಮರಿಯ ಪೌಡರೆಲ್ಲ ತೊಳೆದು ಒರೆಸಿದ್ದಳು. "ನೀವೇ ಸವರಿ," ಎಂದಳು. ಗಿರಾಕಿಗಳ ತಲೆಗೆ ಎಣ್ಣೆ ತಿಕ್ಕುತ್ತಿದ್ದ ಹಾಗೆ ಅವರು ಮರಿಯ ನೆತ್ತಿ, ಬೆನ್ನು, ಬಾಲದ ಬುಡಕ್ಕೆಲ್ಲ ತಿಕ್ಕಿದರು. ಕುರಿ ರುಚಿಗೆ ನೆಕ್ಕಲಿ ಎಂದು ಅವಳು ಮೇಲೊಂದು ಚಿಟಿಕೆ ಉಪ್ಪು ಉದುರಿಸಿದಳು.

ಕುರಿ ಮೂಸಿತು. ತಲೆ ತಗ್ಗಿಸಿತು. ಇನ್ನೇನು ಗುದ್ದೀತು ಎಂದು ಮಾವ ಕಣ್ಣು ಮುಚ್ಚಿಕೊಂಡರು. ಕೇಳಿಸಿದ್ದು ಗಂಟಲೊಳಗಿನ ಮೆಲ್ಲನೆಯ ಗುರುಗುರು ಸದ್ದು. ಕಣ್ಣು ಬಿಟ್ಟಾಗ ಕುರಿ ಮರಿಯ ಬೆನ್ನು ನೆಕ್ಕುತ್ತಿತ್ತು. ಮರಿ ತಡಕಾಡಿ, ತಪ್ಪಿ, ಕಡೆಗೂ ಮೊಲೆ ಹಿಡಿಯಿತು. ಪುಟ್ಟ ಬಾಲ ಪಟಪಟ ಅಲುಗಿತು.

"ಅಬ್ಬಾ," ಎಂದು ಸೊಸೆ ಗೋಡೆಗೊರಗಿದಳು. ನಗು ತಡೆಯಲಾಗಲಿಲ್ಲ. "ಕಟಿಂಗ್ ಒಂದು ಮಾಡ್ಲಿಲ್ವಲ್ಲ, ಪುಣ್ಯ."

"ಸಾಕಮ್ಮ, ಇನ್ಮೇಲೆ ಈ ಕಡೆ ತಲೆ ಹಾಕಲ್ಲ."

"ಹಾಗಂದ್ರೆ ಹೇಗೆ? ಆ ಕರಿ ಕುರಿ ಈ ವಾರದಲ್ಲೇ ಈಯತ್ತೆ. ನಾನು ತೋಟದಲ್ಲಿರ್ತೀನಿ, ನೀವೇ ನೋಡ್ಕೋಬೇಕು."

"ನಾನಾ?"

"ಮತ್ಯಾರು?" ಎಂದು ಅವಳು ಹಿಂಡಿಯ ಚೀಲದ ಕಡೆ ನಡೆದಳು.

ಮಾವ ಅಲ್ಲೇ ಕೂತಿದ್ದರು. ಮರಿಯ ಮೈ ನೆಕ್ಕಿ ಮುಗಿಸಿದ ಕುರಿ ಕತ್ತು ಚಾಚಿ, ಉಪ್ಪು, ಲೋಳೆ ಹತ್ತಿದ ಅವರ ಮುಂಗೈಯನ್ನು ನೆಕ್ಕತೊಡಗಿತು. ನಾಲಿಗೆ ಒರಟಾಗಿತ್ತು, ಬೆಚ್ಚಗಿತ್ತು. ಅವರು ಕೈ ಅಲುಗಿಸಲಿಲ್ಲ.