ಸುಣ್ಣ ಕೊಡದ ಕೈ

ಸೋದರಮಾವ ಲಾವರೆಂಟಿ ಅಡಿಕೆಗೊನೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಅಂಗಳಕ್ಕೆ ಬಂದಾಗ ನಾನು ಗೆಣಸು ಸುಲಿಯುತ್ತಿದ್ದೆ. ಸಂಗತಿ ಏನೆಂದು ಕೂಡಲೇ ತಿಳಿಯಿತು. ನಮ್ಮ ಬೂಗನ್‌ವಿಲ್ ದ್ವೀಪದಲ್ಲಿ ಇಡೀ ಗೊನೆಯನ್ನು ಹೊತ್ತು ತರುವುದು ರಾಜಿಗೆ ಮಾತ್ರ.

"ಕೊರ್ನೀಲ್ ಒಪ್ಪಿದಾನೆ ಕಣಮ್ಮ," ಅಂದ ಮಾವ. "ನಾಳೆ ಅಡಿಕೆ ಅಗಿದು ಮುಗಿಸ್ಬಿಡೋಣ. ಹಂದೀನೂ ಅವನೇ ತರ್ತಾನಂತೆ."

"ತಾನು ಯಾಕೆ ಸಾಯ್ತಿದೀನಿ ಅಂತ ಆ ಹಂದಿಗಾದ್ರೂ ಹೇಳಿದಾನಾ ಮಾವ?"

"ಬಾಯಿ ನೋಡು ಇವಳದ್ದು! ಥೇಟ್ ನಿಮ್ಮಮ್ಮ."

ಯುದ್ಧದ ಕಾಲದಲ್ಲಿ ಸರ್ಕಾರದ ಸೈನ್ಯ ನಮ್ಮ ದ್ವೀಪಕ್ಕೆ ಹಡಗುಗಳನ್ನು ತಡೆದಿತ್ತು. ಔಷಧಿಯೂ ಇಲ್ಲ, ಸೂಲಗಿತ್ತಿಗೆ ಹೊಸ ಬ್ಲೇಡೂ ಇಲ್ಲ. ತಂಗಿ ರುಫೀನಾಗೆ ನೋವು ಶುರುವಾಗಿ ಕೂಸು ಅಡ್ಡ ನಿಂತಾಗ, ಆಚೆಯ ದ್ವೀಪಕ್ಕೆ ಕದ್ದು ಹೋಗುವ ದೋಣಿ ಹಿಡಿಯೋಣವೆಂದು ಅವಳನ್ನು ನಡೆಸಿಕೊಂಡು ಹೊರಟೆ. ಹಳ್ಳದ ಬಳಿ ಬಂದೂಕು ಹಿಡಿದು ತಡೆದವನು ಕೊರ್ನೀಲ್. ಹೊರಗಿನವನೇನಲ್ಲ, ಪಕ್ಕದ ಕಣಿವೆಯವನು. ತಂಗಿಯನ್ನು ದಡದಲ್ಲೇ ಬಿಟ್ಟು ನನ್ನನ್ನು ಗುಡಿಸಲಿಗೆ ಎಳೆದುಕೊಂಡು ಹೋದ. ಅವನು ಮಾಡಿದ್ದನ್ನು ನನ್ನ ಮೈ ಸಹಿಸಿತು. ಕಿವಿ ಮಾತ್ರ ಹಳ್ಳದ ಕಡೆಗೇ ಇತ್ತು. ರುಫೀನಾ ನೀರು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ನಿಲ್ಲಿಸಿದಳು.

ಈಗ ಕೊರ್ನೀಲ್ ಶಾಂತಿ ಸಮಿತಿಯ ಮುಖ್ಯಸ್ಥ. ಇಗರ್ಜಿಯಲ್ಲಿ ಹಾಡು ಎತ್ತಿಕೊಡುವವನೂ ಅವನೇ. ನಮ್ಮಲ್ಲಿ ನೆಲ ಹೆಣ್ಣಿನದು. ಎಲ್ಲ ಗಂಡಸರಂತೆ ಅವನೂ ಹೆಂಡತಿ ಬೆರ್ನದೇತಾಳ ನೆಲದಲ್ಲಿ ಬಾಳುತ್ತಾನೆ. ಅವಳ ಪಾಲಿಗೆ ಅವನು ಯುದ್ಧದಲ್ಲಿ ಹಾದಿಗೆ ಕಾವಲಿದ್ದವನು, ಅಷ್ಟೆ.

ರಾಜಿಯೆಂದರೆ ಹೀಗೆ: ತಪ್ಪು ಮಾಡಿದವನು ಮೊದಲು ಅದನ್ನು ಎರಡೂ ಕುಲದವರೆದುರು ಬಾಯಿಬಿಟ್ಟು ಹೇಳಬೇಕು. ಆಮೇಲೆ ಇಬ್ಬರೂ ಒಂದೇ ಸೋರೆಬುರುಡೆಯ ಸುಣ್ಣದಲ್ಲಿ ಅಡಿಕೆ ಅಗಿಯಬೇಕು, ಒಂದು ಕಲ್ಲು ಹೂಳಬೇಕು. ಅಲ್ಲಿಂದಾಚೆಗೆ ಆ ಮಾತು ಎತ್ತಿದವರದೇ ತಪ್ಪು. ಈಚೆಗೆ ಗಂಡಸರು ಮೊದಲನೆಯದನ್ನು ಸವರಿಬಿಟ್ಟಿದ್ದಾರೆ. "ಯುದ್ಧದಲ್ಲಿ ಆದದ್ದು ಆಯಿತು" ಅನ್ನುತ್ತಾರೆ, ಅಡಿಕೆಗೆ ಕೈ ಚಾಚುತ್ತಾರೆ. ನಾನು ಅಗಿದರೆ ರುಫೀನಾಳ ಹೆಸರೂ ಆ ಕಲ್ಲಿನ ಕೆಳಗೆ ಹೋಗುತ್ತದೆ.

ಮಾವನ ಅವಸರಕ್ಕೆ ಕಾರಣ ಲಿನೆಟ್. ಗಂಡನ ಏಟಿಗೆ ಓಡಿಬಂದವರು, ಯುದ್ಧದ ನೆನಪಿಗೆ ಬೆಚ್ಚಿ ಮನೆಯಲ್ಲಿ ಮಲಗಲಾರದವರು, ಎಲ್ಲರೂ ನನ್ನ ಜಗಲಿಗೆ ಬರುತ್ತಾರೆ. ಅವರಿಗೆಂದು ರಸ್ತೆಬದಿಯ ನನ್ನ ನೆಲದಲ್ಲಿ ಒಂದು ಮನೆ ಕಟ್ಟಿಸಿಕೊಡಲು ಆಸ್ಟ್ರೇಲಿಯಾದಿಂದ ಬಂದವಳು ಅವಳು. ಒಳ್ಳೆಯವಳೇ. ಆದರೆ ಅವಳ ಮೇಲಿನವರಿಗೆ ಮೊದಲು ಎರಡು ಕಡೆಯವರೂ ಅಪ್ಪಿಕೊಂಡ ಫೋಟೋ ಬೇಕಂತೆ.

ಸಂಜೆ ಅವಳು ಜಗಲಿಯಲ್ಲಿ ನನ್ನ ಪಕ್ಕ ಕೂತಳು.

"ಅಪೊಲೊನಿಯಾ, ನಾಳೆ ನಿಮಗೆ ಕಷ್ಟ ಆಗುತ್ತೆ, ಗೊತ್ತು."

"ನಮ್ಮ ತೋಟದ ಮೇಲೆ ಗುಂಡು ಹಾರಿಸಿದ ಹೆಲಿಕಾಪ್ಟರು ಸೈನ್ಯದವ್ರಿಗೆ ಯಾರು ಕೊಟ್ಟಿದ್ದು, ಅದು ಗೊತ್ತಾ?"

"ನಮ್ಮ ದೇಶ," ಅಂದಳು ಮೆಲ್ಲಗೆ.

"ಅದನ್ನ ಕೊಡುವಾಗ ಮೊದ್ಲು ಅಪ್ಪಿಕೊಳ್ಳಿ ಅಂದಿದ್ರಾ?"

"ನಾನಾಗ ಸ್ಕೂಲಲ್ಲಿದ್ದೆ."

"ನಿಮ್ಮಮ್ಮ?"

ಅವಳ ಬಿಳಿ ಕತ್ತು ಕೆಂಪಾಯಿತು. "ರೇಡಿಯೋದಲ್ಲಿ ಬರ್ತಿತ್ತು. ಅಡುಗೆ ಮಾಡ್ತಾ ಕೇಳ್ತಿದ್ರು."

"ಅಡುಗೆ ಸೀದು ಹೋಗ್ಲಿಲ್ಲ ತಾನೇ?"

ಅವಳು ಎದ್ದು ಹೋಗಲಿಲ್ಲ. ಅದಕ್ಕೆ ಅವಳ ಮೇಲೆ ನನಗೆ ಸ್ವಲ್ಪ ಗೌರವ ಬಂತು.

ಮರುದಿನ ರಸ್ತೆಬದಿಯ ನನ್ನ ನೆಲದಲ್ಲಿ ಎರಡೂ ಕುಲದವರು ಸೇರಿದರು. ಗುಂಡಿ ತೋಡಿ, ಹಳ್ಳದಿಂದ ತಂದ ಚಪ್ಪಟೆ ಕಲ್ಲನ್ನು ಪಕ್ಕದಲ್ಲಿ ಇಟ್ಟಿದ್ದರು. ಕೊರ್ನೀಲ್ ಬಿಳಿ ಅಂಗಿ ತೊಟ್ಟು ಬಂದಿದ್ದ. "ಯುದ್ಧದಲ್ಲಿ ಏನೇನೋ ಆಯ್ತು, ತಂಗೀ. ದೇವರು ಎಲ್ಲಾ ನೋಡಿದಾನೆ," ಅಂದವನೇ ಅಡಿಕೆ ಸುಲಿದು, ಎಲೆಯ ಬದಲು ನಾವು ಹಾಕುವ ವೀಳ್ಯದ ಕಾಯಿಯ ಜೊತೆ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ. ನನ್ನ ಕಡೆ ಕೈ ಚಾಚಿದ.

ಸುಣ್ಣದ ಬುರುಡೆ ನೆಲದ ಒಡತಿಯ ಕೈಯಲ್ಲಿರುತ್ತದೆ. ನಾನು ಅದನ್ನು ಮಡಿಲಲ್ಲಿ ಇಟ್ಟುಕೊಂಡೆ.

ಸುಣ್ಣ ಬೀಳದೆ ಅಡಿಕೆ ಕೆಂಪಾಗುವುದಿಲ್ಲ. ಕೆಂಪಾಗದೆ ಉಗುಳಿದರೆ ರಾಜಿಯನ್ನೇ ಉಗುಳಿದಂತೆ. ಅವನ ಬಾಯಿ ಒಗರಿನಿಂದ ತುಂಬುತ್ತಾ ಹೋಯಿತು. ಕೈ ಚಾಚಿಕೊಂಡೇ ಇದ್ದ. ಹಣೆಯಲ್ಲಿ ಬೆವರು ಮೂಡಿತು. ನಾನು ನೋಡುತ್ತಾ ಕೂತೆ. ಸುಖವಾಗಿತ್ತು. ಇಷ್ಟು ವರ್ಷಗಳಲ್ಲಿ ನಾನು ತಿಂದ ಯಾವ ಊಟವೂ ಅಷ್ಟು ರುಚಿಯಾಗಿರಲಿಲ್ಲ.

"ಪೊಲೋನಿ," ಅಂದ ಮಾವ. "ಸುಣ್ಣ ಕೊಡಮ್ಮ. ತಲೆ ಸುತ್ತಿ ಬೀಳ್ತಾನೆ."

"ಬೀಳ್ಲಿ. ನೀರು ಕೇಳಿದ್ರೆ ಕೊಡೋಣ. ಅವನು ಕೊಟ್ಟಿರ್ಲಿಲ್ಲ."

ಬೆರ್ನದೇತಾ ತಲೆಯೆತ್ತಿದಳು. "ಯಾರಿಗೆ ಕೊಟ್ಟಿರ್ಲಿಲ್ಲ?"

"ನಿನ್ನ ಗಂಡನ್ನೇ ಕೇಳೇ. ಬಾಯಿ ತುಂಬಿದೆ, ಪಾಪ."

ಅವನು ನುಂಗಲು ನೋಡಿದ. ಓಕರಿಕೆ ಬಂತು. ಕೊನೆಗೆ ಅಂಗೈಗೆ ಉಗುಳಿಕೊಂಡ. ಹಸಿರು ಚೊಗರು ಬೆರಳ ಸಂದಿಯಿಂದ ಬಿಳಿ ಅಂಗಿಯ ಮೇಲೆ ಇಳಿಯಿತು.

"ಹಳ್ಳದ ಹತ್ರ ಇವರನ್ನ ತಡೆದೆ," ಅಂದ.

"ಯಾರನ್ನ? ಹೆಸರು ಹೇಳು," ಅಂದೆ.

"ನಿನ್ನ... ರುಫೀನಾನ."

"ಅವಳು ಹೇಗಿದ್ಲು?"

"ತುಂಬಿದ ಬಸುರಿ. ನೋವು ತಿಂತಿದ್ಲು."

"ನೀನೇನು ಮಾಡಿದೆ?"

ಅವನು ಹೆಂಡತಿಯ ಕಡೆ ನೋಡಿದ. ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಅವನು ಹೇಳಿದ. ಪೂರ್ತಿ ಹೇಳಿದ. ತಡವರಿಸಿದಾಗಲೆಲ್ಲ ನಾನು "ಆಮೇಲೆ?" ಅಂದೆ. ಗುಡಿಸಲಿನ ಮಾತು ಬಂದಾಗಲೂ ಅಂದೆ. ಅವನ ತಾಯಿ ಮೈಮೇಲಿನ ಬಟ್ಟೆಯ ತುದಿ ಎಳೆದು ಮುಖ ಮುಚ್ಚಿಕೊಂಡಳು. ಬೆರ್ನದೇತಾ ಮಕ್ಕಳನ್ನು ಎಬ್ಬಿಸಿಕೊಂಡು ಹೊರಟಳು. "ಮನೆ ಕಡೆ ಬರ್ಬೇಡ," ಅಂದಳು ಹಾದುಹೋಗುತ್ತಾ. ದನಿ ಏರಿರಲಿಲ್ಲ. ಅವಳ ನೆಲ, ಅವಳ ಮಾತು.

"ಹೇಳಿದ್ದೀನಲ್ಲ," ಅಂದ ಕೊರ್ನೀಲ್. "ಈಗಾದ್ರೂ ಸುಣ್ಣ ಕೊಡು."

ನಾನು ಬುರುಡೆಯ ಬಿರಡೆಯನ್ನು ಇನ್ನಷ್ಟು ಬಿಗಿ ಮಾಡಿದೆ. "ಉಗುಳಿದ್ದು ನೀನು. ರಾಜಿ ಇಲ್ಲ. ಇನ್ನು ನಾನು ಸಾಯೋವರ್ಗೂ ಈ ಮಾತು ಆಡ್ತೀನಿ. ಸಂತೇಲಿ ಆಡ್ತೀನಿ, ಇಗರ್ಜಿ ಬಾಗ್ಲಲ್ಲಿ ಆಡ್ತೀನಿ, ನೀನು ಹಾಡು ಎತ್ತಿದಾಗ್ಲೂ ಆಡ್ತೀನಿ."

ಮಾವ ನೆಲ ನೋಡಿದ. ಅವನಿಗೂ ಕಾನೂನು ಗೊತ್ತಿತ್ತು.

ಲಿನೆಟ್ ಕ್ಯಾಮೆರಾವನ್ನು ಕೆಳಗಿಟ್ಟಿದ್ದಳು. "ಮನೆ..." ಅಂದಳು.

"ಕಟ್ಟಿಸು," ಅಂದೆ. "ನೆಲ ನಂದು. ಅದಕ್ಕೆ ಅವನ ಅಪ್ಪುಗೆ ಯಾಕೆ? ನಿಮ್ಮ ಮೇಲಿನವರಿಗೆ ಹೇಳು, ಇದು ದಾನ ಅಲ್ಲ ಅಂತ. ನಿಮ್ಮಮ್ಮ ಕೇಳ್ತಿದ್ರಲ್ಲ ರೇಡಿಯೋ, ಅವರಿಗೂ ಹೇಳು."

"ಏನಂತ ಹೇಳಲಿ?"

"ಅವತ್ತು ಕೇಳಿಸ್ಕೊಂಡಿದ್ದಕ್ಕೆ ಈಗ ಉತ್ತರ ಕೊಡಿ ಅಂತ."

ಅವಳು ಹೋದ ಮೇಲೆ ಬಹಳ ದಿನ ಸುದ್ದಿಯಿರಲಿಲ್ಲ. ಮಾವ ನನ್ನ ಜೊತೆ ಮಾತು ಬಿಟ್ಟ. ಜಗಲಿಯಲ್ಲಿ ಹೆಂಗಸರು ಮೊದಲಿನಂತೆಯೇ ಒತ್ತಿಕೊಂಡು ಮಲಗಿದರು. ಆಮೇಲೊಂದು ಬೆಳಿಗ್ಗೆ ಮರದ ಹಲಗೆ, ತಗಡು ಹೇರಿಕೊಂಡು ದೋಣಿ ಬಂತು. ಲಿನೆಟ್ ಅದರ ಮೂತಿಯಲ್ಲಿ ಕೂತಿದ್ದಳು, ಕ್ಯಾಮೆರಾ ಇಲ್ಲದೆ. ರಾಜಿಗೆಂದು ತೋಡಿದ ಗುಂಡಿಯಲ್ಲೇ ಮೊದಲ ಕಂಬ ನಿಲ್ಲಿಸಿದೆವು.

ಕಲ್ಲನ್ನು ನಾನು ಮನೆಗೆ ಹೊತ್ತು ತಂದೆ. ದಿನಾ ಅದರ ಮೇಲೆ ಕಾಡುಬಾದಾಮಿ ಒಡೆಯುತ್ತೇನೆ. ಕೊರ್ನೀಲ್ ಈಗ ತನ್ನ ಅಕ್ಕನ ಹಿತ್ತಲ ಕೊಟ್ಟಿಗೆಯಲ್ಲಿದ್ದಾನೆ. ಪೇಟೆಗೆ ಹೋಗಲು ಅವನಿಗೆ ಇರುವುದು ನನ್ನ ಅಂಗಳದ ಮುಂದಿನ ದಾರಿಯೊಂದೇ. ಅವನು ಬರುವುದು ಕಂಡಾಗ ನಾನು ಕಾಯಿಯನ್ನು ಕಲ್ಲಿನ ಮೇಲಿಟ್ಟು, ಅವನು ತೀರ ಹತ್ತಿರವಾಗುವವರೆಗೂ ಕಾದು, ಆಮೇಲೆ ಹೊಡೆಯುತ್ತೇನೆ.